ಚಿಕ್ಕಪ್ಪನ ಕಾಯಿಲೆಗೆ ಹೊಸ ತಾರೀಖು

ಸುಳ್ಳು ಹೇಳಲೇಬೇಕಾಗಿ ಬಂದರೆ ಸತ್ತವರ ಮೇಲೆ ಹೇಳಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಸತ್ತವರು ಬೀದಿಯಲ್ಲಿ ಎದುರಾಗುವುದಿಲ್ಲ, ಚೌಕಾಸಿ ಮಾಡಿ ತರಕಾರಿ ಕೊಳ್ಳುವುದಿಲ್ಲ, ನಮ್ಮ ಮೇಲಧಿಕಾರಿಗಳು ಮನೆಗೆ ಬಂದ ಹೊತ್ತಿಗೆ ಬನಿಯನ್ನಿನಲ್ಲಿ ನಿಂತು ಮೀಸೆ ತಿರುವುವುದಿಲ್ಲ. ಬದುಕಿರುವವರ ಮೇಲೆ ಹೇಳಿದ ಸುಳ್ಳನ್ನು ಹಸುವಿನ ಹಾಗೆ ಸಾಕಬೇಕಾಗುತ್ತದೆ. ಇಷ್ಟು ವಿವೇಕ ನಮ್ಮ ಕೆಳಗಿನ ಮನೆಯ ನಕ್ಷೆರಾಯನಿಗೆ ಇರಲಿಲ್ಲ.

ನಕ್ಷೆರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಭೂಮಾಪನ ಕಚೇರಿಯ ನಕ್ಷೆ ವಿಭಾಗದಲ್ಲಿ ಕೂತು ಊರವರ ಸೈಟುಗಳಿಗೆ ಗಡಿಗೆರೆ ಎಳೆಯುತ್ತ ಎಳೆಯುತ್ತ ಬಂದ ಬಿರುದು. ಬೀದಿಯಲ್ಲಿ ಯಾರೇ ದಾರಿ ಕೇಳಲಿ, ಅವನು ಒಂದು ಕ್ಷಣವೂ ಅನುಮಾನಿಸದೆ ದಾರಿ ಹೇಳುತ್ತಾನೆ. ಅವರು ಕೊನೆಗೆ ಎಲ್ಲಿಗೆ ತಲುಪಿದರು ಎಂದು ವಿಚಾರಿಸುವ ಚಪಲ ಮಾತ್ರ ಅವನಿಗಿಲ್ಲ.

ಈ ಲೋಕದ ನಕ್ಷೆಗಳಲ್ಲದೆ ಅವನಿಗೆ ಇನ್ನೊಂದು ಲೋಕವೂ ಇತ್ತು. ಅದರ ಹೆಸರು ‘ಕರಿಕೋಟೆ’. ಅದೊಂದು ಕಂಪ್ಯೂಟರ್ ಆಟ. ಆಡುವವನು ಅದರಲ್ಲಿ ಅಲೆಮಾರಿ ವೀರನಾಗಿ ಊರೂರು ಸುತ್ತಬೇಕು, ಕಂಡವರನ್ನೆಲ್ಲ ಮಾತಾಡಿಸಬೇಕು, ಅವರು ಕಳೆದುಕೊಂಡ ಹಸು, ಉಂಗುರ, ಅಳಿಯಂದಿರನ್ನು ಹುಡುಕಿಕೊಡಬೇಕು, ಬಿಡುವಾದಾಗ ರಾಕ್ಷಸರನ್ನು ಕೊಲ್ಲಬೇಕು. ನಾಲ್ಕು ಭಾಗಗಳು ಬಂದಿದ್ದವು. ನಾಲ್ಕನೆಯದರ ಕೊನೆಯಲ್ಲಿ ವೀರ ಕೋಟೆಯ ತಳದಲ್ಲಿರುವ ಕಂಚಿನ ಬಾಗಿಲಿಗೆ ಕೈ ಇಡುತ್ತಾನೆ, ಬಾಗಿಲು ಬೆರಳಷ್ಟು ತೆರೆಯುತ್ತದೆ, ಒಳಗಿಂದ ಬೆಳಕು ಬರುತ್ತದೆ, ಆಟ ಮುಗಿಯುತ್ತದೆ. ಹಾಗೆ ಬಾಗಿಲು ತೋರಿಸಿ ಹೋದ ಕಂಪನಿಯವರು ಹದಿನಾಲ್ಕು ವರ್ಷ ಪತ್ತೆಯಿಲ್ಲ. ಒಂದು ವನವಾಸವೇ ಮುಗಿಯುವಷ್ಟು ಕಾಲ. ಅಷ್ಟರಲ್ಲಿ ಅಭಿಮಾನಿಗಳಿಗೆ ಮದುವೆಯಾಯಿತು, ಹೊಟ್ಟೆ ಬಂತು, ಕೂದಲು ಹೋಯಿತು. ಬಾಗಿಲ ಹಿಂದೆ ಏನಿದೆ ಎಂಬ ಪ್ರಶ್ನೆ ಮಾತ್ರ ಹೋಗಲಿಲ್ಲ.

ಊರಿನ ಅಭಿಮಾನಿಗಳದೊಂದು ಸಂಘವಿತ್ತು. ಔಷಧಿ ಅಂಗಡಿಯವನು ಅದರ ಅಧ್ಯಕ್ಷ. ಬಾಗಿಲ ಹಿಂದೆ ಇರುವುದು ವೀರನ ತಂದೆ ಎಂದು ಅವನು ಕೆಮ್ಮಿನ ಔಷಧಿ ಕಟ್ಟಿಕೊಡುತ್ತಲೇ ವಾದಿಸುತ್ತಿದ್ದ. ನಕ್ಷೆರಾಯನ ಪ್ರಕಾರ ಅಲ್ಲಿರುವುದು ನಕ್ಷೆ. “ಅಷ್ಟು ದೊಡ್ಡ ಕೋಟೆ ಕಟ್ಟಿದವರು ಎಲ್ಲೋ ಒಂದು ಕಡೆ ನಕ್ಷೆ ಇಡದೆ ಇರ್ತಾರಾ?” ಎಂದು ಕೇಳುತ್ತಿದ್ದ. ಐದನೇ ಭಾಗದ ಜಾಹೀರಾತು ಬಂದಾಗ ಆ ಬೆಳಕಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಒಂದು ಚಪ್ಪಲಿಯ ನೆರಳು ಕಂಡಿತು. ಆ ಚಪ್ಪಲಿ ಎಡಗಾಲಿನದೋ ಬಲಗಾಲಿನದೋ ಎಂಬ ವಿಷಯದಲ್ಲಿ ಸಂಘ ಎರಡು ಹೋಳಾಗಿ, ತಿಂಗಳಾದ ಮೇಲೆ ಮತ್ತೆ ಒಂದಾಯಿತು.

ಕೊನೆಗೆ ತಾರೀಖೂ ಬಂತು. ಬರುವ ಗುರುವಾರ, ಬೆಳಿಗ್ಗೆ ಹತ್ತಕ್ಕೆ. ಅಧ್ಯಕ್ಷ ಅಜ್ಜಿ ತೀರಿಕೊಂಡರೆಂದು ಅಂಗಡಿ ಮುಚ್ಚುವವನಿದ್ದ. ಆ ಅಜ್ಜಿ ಅವನು ಹುಟ್ಟುವ ಮೊದಲೇ ತೀರಿಕೊಂಡಿದ್ದರಿಂದ ಅದರಲ್ಲಿ ಸುಳ್ಳೆನ್ನುವಂಥದ್ದು ಹೆಚ್ಚೇನಿರಲಿಲ್ಲ. ನಕ್ಷೆರಾಯನದು ಮೆದು ಮನಸ್ಸು. ಯಾರನ್ನೂ ಕೊಲ್ಲಲು ಕೈ ಬರಲಿಲ್ಲ. ಮನೆಯಲ್ಲಿದ್ದ ಚಿಕ್ಕಪ್ಪನನ್ನು ಕಾಯಿಲೆ ಬೀಳಿಸುವುದೆಂದು ನಿರ್ಧರಿಸಿದ.

ಅವನ ಸಾಹೇಬರು ಪ್ರತಿಯೊಂದಕ್ಕೂ ತಾರೀಖು ಕೇಳುವ ಮನುಷ್ಯ. ‘ನಮಸ್ಕಾರ’ ಎಂದರೆ ‘ಯಾವಾಗ ಮುಗಿಯುತ್ತೆ?’ ಎನ್ನುವವರು. ಅವರ ಮುಂದೆ ನಕ್ಷೆರಾಯ ಸೋಮವಾರ ಹೋಗಿ ನಿಂತ. ಅಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಅವರ ಆಫೀಸಿನ ಟೈಪಿಸ್ಟಮ್ಮ, ಆಕೆ ಹೇಳುವುದರಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇರುವುದಿಲ್ಲ.

“ಗುರುವಾರದಿಂದ ಮೂರು ದಿನ ರಜ ಬೇಕಿತ್ತು ಸಾರ್. ಚಿಕ್ಕಪ್ಪ ಸೀರಿಯಸ್.”

“ಈಗ ಹೇಗಿದಾರೆ?”

“ಈಗ ಚೆನ್ನಾಗೇ ಇದಾರೆ ಸಾರ್. ಗುರುವಾರ ಸೀರಿಯಸ್ ಆಗ್ತಾರೆ.”

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ನಾಲಗೆ ಕಚ್ಚಿಕೊಳ್ಳುತ್ತಿದ್ದರು. ನಕ್ಷೆರಾಯ ದಾರಿ ಹೇಳುವ ಧಾಟಿಯಲ್ಲೇ, “ಬೆಳಿಗ್ಗೆ ಹತ್ತಕ್ಕೆ,” ಎಂದು ಸೇರಿಸಿದ.

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದನ್ನ ಹೇಳಿದ್ದು ಯಾರು?”

“ಡಾಕ್ಟ್ರು ಸಾರ್.”

ಬೈಗುಳ ಬೀಳುತ್ತದೆಂದು ಟೈಪಿಸ್ಟಮ್ಮ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಬಿದ್ದದ್ದು ನಿಟ್ಟುಸಿರು. “ನಮ್ಮಮ್ಮನ್ನ ಊರಲ್ಲಿರೋ ಎಲ್ಲಾ ಡಾಕ್ಟ್ರಿಗೂ ತೋರಿಸ್ದೆ,” ಎಂದರು ಸಾಹೇಬರು. “ಅಪ್ಪ ಹೋದ್ಮೇಲೆ ಎರಡು ತುತ್ತು ತಿಂದು ಸಾಕು ಅಂತಾಳೆ, ಗೋಡೆ ಕಡೆ ತಿರುಗಿ ಮಲಗಿಬಿಡ್ತಾಳೆ. ಏನಾಗಿದೆ, ಎಷ್ಟು ದಿನಕ್ಕೆ ಸರಿಹೋಗತ್ತೆ ಅಂದ್ರೆ ಒಬ್ಬೊಬ್ರೂ ‘ನೋಡೋಣ, ನೋಡೋಣ’ ಅಂತಾರೆ. ಗಂಟೆ ಸಮೇತ ಹೇಳೋ ಡಾಕ್ಟ್ರು ಎಲ್ಲಿ ಸಿಕ್ಕಿದ್ರು ರೀ ನಿಮಗೆ?”

“ಬಹಳ ಬಿಜಿ ಸಾರ್ ಅವರು,” ಎಂದ ನಕ್ಷೆರಾಯ. ರಜ ಮಂಜೂರಾಯಿತು.

ಬುಧವಾರ ಸಂಜೆ ಕಂಪನಿಯವರು ಆಟವನ್ನು ಎರಡು ತಿಂಗಳು ಮುಂದಕ್ಕೆ ಹಾಕಿದರು. ಇನ್ನೂ ಚೆನ್ನಾಗಿ ಮಾಡಬೇಕಂತೆ. ಔಷಧಿ ಅಂಗಡಿಯವನ ಅಜ್ಜಿ ಸದ್ಯಕ್ಕೆ ಉಳಿದುಕೊಂಡರು. ಸಿಕ್ಕಿದ ರಜವನ್ನು ಸುಮ್ಮನೆ ಮನೆಯಲ್ಲಿ ಕಳೆಯಬಹುದಿತ್ತು. ಆದರೆ ನಕ್ಷೆರಾಯ ಅದನ್ನು ಕೂಡಿಡುವ ಜಾಣತನ ತೋರಿಸಿ ಗುರುವಾರ ಬೆಳಿಗ್ಗೆ ಆಫೀಸಿಗೆ ಹೋದ.

“ಯಾಕ್ರೀ ಬಂದ್ರಿ? ಚಿಕ್ಕಪ್ಪ?” ಎಂದು ಸಾಹೇಬರು ಎದ್ದು ನಿಂತರು.

“ಎರಡು ತಿಂಗಳು ಮುಂದಕ್ಕೆ ಹೋಯ್ತು ಸಾರ್.” ಅವನ ದನಿಯಲ್ಲಿ ನಿಜವಾದ ದುಃಖವಿತ್ತು.

“ಏನು ಮುಂದಕ್ಕೆ ಹೋಯ್ತು?”

“ಸೀರಿಯಸ್ ಆಗೋದು.”

ಟೈಪಿಸ್ಟಮ್ಮನ ಬೆರಳು ಅಲ್ಲೇ ನಿಂತಿತು. ಸಾಹೇಬರು ಮೆಲ್ಲನೆ ಕೇಳಿದರು: “ಯಾರು ಹಾಕಿದ್ದು ಮುಂದಕ್ಕೆ?”

“ಅವರೇ ಸಾರ್. ಇನ್ನೂ ಸ್ವಲ್ಪ ಟೈಮ್ ಕೊಟ್ರೆ ಚೆನ್ನಾಗಿ ಆಗತ್ತೆ ಅಂದ್ರಂತೆ.”

ಮಧ್ಯಾಹ್ನದ ಹೊತ್ತಿಗೆ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿತು. ಸಾವನ್ನು ಕಡತದ ಹಾಗೆ ಮುಂದೂಡುವ ವೈದ್ಯರೊಬ್ಬರು ಊರಿಗೆ ಬಂದಿದ್ದಾರೆ, ನಕ್ಷೆರಾಯರಿಗೆ ಅವರು ಬಹಳ ಬೇಕಾದವರು. “ಚಿಕ್ಕಪ್ಪ ಉಳ್ಕೊಂಡ್ರೂ ಮುಖದಲ್ಲಿ ಒಂದು ನಗು ಇಲ್ಲ ನೋಡಿ,” ಎಂದು ಟೈಪಿಸ್ಟಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಎಷ್ಟು ನೊಂದಿದಾರೋ ಪಾಪ.”

ಎರಡು ತಿಂಗಳಾಯಿತು. ಚಿಕ್ಕಪ್ಪ ಮತ್ತೆ ಸೀರಿಯಸ್ ಆಗುವ ವಾರ ಬಂತು. ಕಂಪನಿಯವರು ಈ ಸಲ ನಾಲ್ಕು ತಿಂಗಳು ಮುಂದಕ್ಕೆ ಹಾಕಿದರು. “ಕೈಗುಣ ಏರ್ತಾ ಇದೆ,” ಎಂದರು ಸಾಹೇಬರು. ಆ ಭಾನುವಾರವೇ ಟೈಪಿಸ್ಟಮ್ಮನನ್ನು ಕರೆದುಕೊಂಡು, ದ್ರಾಕ್ಷಿ, ಸೇಬು, ಬ್ರೆಡ್ಡು ಹಿಡಿದು ರೋಗಿಯನ್ನು ನೋಡಲು ಬಂದೇಬಿಟ್ಟರು.

ರೋಗಿ ಆ ಹೊತ್ತಿಗೆ ನಮ್ಮ ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಮಹಡಿ ಹತ್ತುತ್ತಿದ್ದರು. ಚಿಕ್ಕಪ್ಪ ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಆಳು ಕಂಬದಂತಿದ್ದಾರೆ. ನನ್ನ ಸೊಂಟ ಸರಿಯಿಲ್ಲವೆಂದು ಪ್ರತಿ ಸಲವೂ ಈ ಉಪಕಾರ ಮಾಡುತ್ತಾರೆ. ಸಾಹೇಬರು ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದರು. “ಅವರ್ಯಾರು?”

“ಅವರೇ ಸಾರ್ ಚಿಕ್ಕಪ್ಪ,” ಎಂದ ಬಾಗಿಲಿಗೆ ಓಡಿಬಂದ ನಕ್ಷೆರಾಯ.

“ಸಿಲಿಂಡರ್?”

“ಟ್ರೀಟ್‌ಮೆಂಟು ಸಾರ್. ಈ ವಾರ ತುಂಬಿದ್ದು, ಮುಂದಿನ ವಾರ ಖಾಲಿ.”

ಸಾಹೇಬರು ಕೈ ಮುಗಿದರು. ಸಿಲಿಂಡರಿಗೋ ಕಾಣದ ವೈದ್ಯರಿಗೋ ನನಗೆ ತಿಳಿಯಲಿಲ್ಲ. ಆಮೇಲೆ ಚಿಕ್ಕಪ್ಪನನ್ನು ಬಲವಂತವಾಗಿ ಮಂಚದ ಮೇಲೆ ಕೂರಿಸಿ, ಒಂದು ಗಂಟೆ ಅವರ ಕಂಡಕ್ಟರ್ ಕಾಲದ ಕಥೆಗಳನ್ನು ಬಾಯಿ ಬಿಟ್ಟುಕೊಂಡು ಕೇಳಿದರು. ಟೈಪಿಸ್ಟಮ್ಮ ಅವರ ಕೈ ಹಿಡಿದು ಅತ್ತರು. ಬಂದವರು ಹೋದ ಮೇಲೆ ಚಿಕ್ಕಪ್ಪ ದ್ರಾಕ್ಷಿ ಗೊಂಚಲು ಎತ್ತಿಕೊಂಡು ಕೇಳಿದರು:

“ಲೋ, ನನಗೇನಾಗಿದೆ?”

“ಏನೂ ಆಗಿಲ್ಲ ಚಿಕ್ಕಪ್ಪ.”

“ಮತ್ತೆ ಆಯಮ್ಮ ಯಾಕೋ ಅತ್ತಿದ್ದು?”

“ಹೇಳ್ರೀ, ನಿಮ್ಮ ಆಟಕ್ಕೋಸ್ಕರ ಅವರನ್ನ ಮಂಚ ಹಿಡಿಸಿದೀರಿ ಅಂತ ನಿಮ್ಮ ಬಾಯಲ್ಲೇ ಹೇಳಿ,” ಎಂದು ಒಳಗಿನಿಂದ ನಕ್ಷೆರಾಯನ ಹೆಂಡತಿ ಪಾತ್ರೆ ಕುಕ್ಕಿದಳು.

ಅವನು ಹೇಳಿದ. ಚಿಕ್ಕಪ್ಪ ರೇಗಬಹುದೆಂದು ನಾನೂ ಮೆಟ್ಟಿಲ ಮೇಲೆ ಕಾದು ನಿಂತಿದ್ದೆ. ಅವರು ದ್ರಾಕ್ಷಿ ಮುಗಿಯುವವರೆಗೆ ಯೋಚಿಸಿದರು. “ರಿಟೈರ್ ಆದ್ಮೇಲೆ ನನ್ನ ಮಾತನ್ನ ಯಾರೂ ಕೂತು ಕೇಳಿರ್ಲಿಲ್ಲ ಕಣೋ,” ಎಂದರು. “ಕಾಯಿಲೆ ಇನ್ನೂ ಸ್ವಲ್ಪ ದಿನ ಇರ್ಲಿ ಬಿಡು.”

ಅಲ್ಲಿಗೆ ನಿಂತಿದ್ದರೆ ಚೆನ್ನಿತ್ತು. ಆದರೆ ಸಿಲಿಂಡರ್ ಹೊರುವ ರೋಗಿಯನ್ನು ಕಣ್ಣಾರೆ ಕಂಡ ಸಾಹೇಬರಿಗೆ ನಿದ್ದೆ ಹತ್ತಲಿಲ್ಲ. ಮಾರನೆಯ ಬೆಳಿಗ್ಗೆಯೇ ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಬಂದು ನಕ್ಷೆರಾಯನ ಬಾಗಿಲಲ್ಲಿ ಇಳಿಸಿದರು. ಒಣಗಿದ ಕಡ್ಡಿಯಂಥ ಹೆಂಗಸು, ಕಣ್ಣು ಮಾತ್ರ ಚುರುಕು. “ನಿಮ್ಮ ಡಾಕ್ಟ್ರ ಕಾಲು ಹಿಡಿದಾದ್ರೂ ಸರಿ,” ಎಂದರು ಸಾಹೇಬರು. “ಅವಳು ಒಂದು ತಟ್ಟೆ ಊಟ ಪೂರ್ತಿ ಮಾಡಿದ್ದನ್ನ ನೋಡಿದ್ರೆ ಸಾಕು ನನಗೆ.”

ಈಗಲಾದರೂ ನಿಜ ಹೇಳುತ್ತಾನೆಂದು ನಾನು ಅಂದುಕೊಂಡೆ. ನಕ್ಷೆರಾಯ, “ಸಂಬಂಧಿಕರು ಎದುರಿಗಿದ್ರೆ ಡಾಕ್ಟ್ರು ನೋಡಲ್ಲ ಸಾರ್. ನಡೀರಿ, ಆಫೀಸಿಗೆ ಹೊತ್ತಾಯ್ತು,” ಎಂದು ಅವರನ್ನೇ ಆಟೋ ಹತ್ತಿಸಿ, ತಾನೂ ಹತ್ತಿ ಹೊರಟುಹೋದ. ಎಲ್ಲವೂ ಹೇಗೋ ಸರಿಹೋಗುತ್ತದೆಂಬ ಅವನ ನಂಬಿಕೆಯ ಮುಂದೆ ನಮ್ಮಂಥವರ ಬುದ್ಧಿ ನಡೆಯುವುದಿಲ್ಲ.

ಹೊರಡುವಾಗ ಅವನು ಕೈಸನ್ನೆ ಮಾಡಿ ನನ್ನನ್ನು ಕೆಳಗೆ ಕರೆದಿದ್ದ. ಮುದುಕಿ ನನ್ನನ್ನೂ ಚಿಕ್ಕಪ್ಪನನ್ನೂ ನೋಡಿದರು. “ಇಬ್ಬರಲ್ಲಿ ಡಾಕ್ಟ್ರು ಯಾರು?”

ಜನ್ಮವಿಡೀ ಟಿಕೆಟ್ ಇಲ್ಲದವರ ಮುಖ ಓದಿದ ಚಿಕ್ಕಪ್ಪನಿಗೆ ಯಾರ ಹತ್ತಿರ ಸುಳ್ಳು ನಡೆಯುವುದಿಲ್ಲ ಎಂಬುದು ಗೊತ್ತಿತ್ತು. “ಡಾಕ್ಟ್ರೂ ಇಲ್ಲ, ಕಾಯಿಲೆನೂ ಇಲ್ಲ ಅಮ್ಮಾವ್ರೇ,” ಎಂದವರೇ ಆಟ, ಬಾಗಿಲು, ರಜ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು.

ಮುದುಕಿ ಸಿಟ್ಟಾಗಲಿಲ್ಲ. “ಕಾಯಿಲೆ ನನಗೂ ಇಲ್ಲ ಕಂಡಕ್ಟ್ರೇ,” ಎಂದರು. “ಯಜಮಾನರು ಹೋದ್ಮೇಲೆ ಬೆಳಿಗ್ಗೆ ಎದ್ದು ಏನು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ. ಅಷ್ಟೇ ಇರೋದು. ಮಗ ಅದಕ್ಕೊಂದು ಹೆಸರು ಕೇಳ್ತಾನೆ, ತಾರೀಖು ಕೇಳ್ತಾನೆ. ನಾನೆಲ್ಲಿಂದ ತರಲಿ.” ಆಮೇಲೆ ಕೇಳಿದರು: “ಆ ಬಾಗಿಲ ಹಿಂದೆ ಏನಿದೆ ಅಂತೆ?”

“ಯಾರಿಗೂ ಗೊತ್ತಿಲ್ಲ.”

“ಹದಿನಾಲ್ಕು ವರ್ಷದಿಂದ ಇಷ್ಟು ಜನ ಗಂಡಸರು ಕಾಯ್ತಾ ಇದೀರಿ, ಒಬ್ಬರಿಗೂ ಗೊತ್ತಿಲ್ಲ.” ಅವರು ಸೆರಗು ಸಿಕ್ಕಿಸಿಕೊಂಡರು. “ಎಲ್ಲಿದೆ ಅದು? ಮೊದಲಿಂದ ತೋರಿಸಿ.”

ಹಾಗೆ ಚಿಕಿತ್ಸೆ ಶುರುವಾಯಿತು. ಸಾಹೇಬರು ದಿನ ಬಿಟ್ಟು ದಿನ ತಾಯಿಯನ್ನು ತಂದುಬಿಡುತ್ತಿದ್ದರು. ಚಿಕ್ಕಪ್ಪ ಕಂಪ್ಯೂಟರ್ ಹಚ್ಚುತ್ತಿದ್ದರು. ಮೊದಲ ದಿನವೇ ಆಟದ ವೀರ ಯಾರದೋ ಮನೆಗೆ ನುಗ್ಗಿ ಮಡಕೆ ಒಡೆದು ಒಳಗಿನ ನಾಣ್ಯ ಎತ್ತಿಕೊಂಡ. ಅಭಿಮಾನಿಗಳೆಲ್ಲ ಮಾಡುವುದೇ ಹಾಗೆ, ಆಟದಲ್ಲಿ ಅದು ತಪ್ಪಲ್ಲ. “ಇವನಿಗೆ ಅಪ್ಪ ಅಮ್ಮ ಇಲ್ವಾ?” ಎಂದರು ಅಮ್ಮ. “ಬಾಗಿಲು ತಟ್ಟದೆ ಒಳಗೆ ಹೋಗ್ತಾನಲ್ಲ.” ಅಂದಿನಿಂದ ಅವರ ವೀರ ಯಾರ ಮಡಕೆಯನ್ನೂ ಮುಟ್ಟಲಿಲ್ಲ. ಪ್ರತಿ ಮನೆಯ ಮುಂದೆ ನಿಂತು, ಕುಶಲ ಕೇಳಿ, ಕಳೆದ ಹಸುವನ್ನು ತಂದುಕೊಟ್ಟು, ಆಮೇಲೆ ಮುಂದಕ್ಕೆ ಹೋಗುತ್ತಿದ್ದ. ರಾಕ್ಷಸರು ಅಡ್ಡ ಬಂದಾಗ ಚಿಕ್ಕಪ್ಪ, “ಮುಂದೆ ನಡೀರಿ, ಮುಂದೆ ನಡೀರಿ, ಬಾಗಿಲಲ್ಲಿ ನಿಲ್ಬೇಡಿ,” ಎಂದು ಹುರಿದುಂಬಿಸುತ್ತಿದ್ದರು. ಯುದ್ಧ ಮಾಡಿದವರಿಗೆ ಹಸಿವಾಗುವುದು ಸಹಜ. ಎರಡು ವಾರದೊಳಗೆ ಅಮ್ಮ ನಕ್ಷೆರಾಯನ ಹೆಂಡತಿಯನ್ನು ಕೂಗಿ ಎರಡನೇ ಸಲ ಬಡಿಸಿಕೊಳ್ಳತೊಡಗಿದರು. ಅಧ್ಯಕ್ಷನೂ ದಾರಿ ತೋರಿಸುವ ನೆಪದಲ್ಲಿ ಅಂಗಡಿ ಬಿಟ್ಟು ಬಂದು ಕೂರುತ್ತಿದ್ದ.

ಆಫೀಸಿನಲ್ಲಿ ಸಾಹೇಬರು ನಕ್ಷೆರಾಯನನ್ನು ಹತ್ತಿರ ಕರೆದು ಕೇಳಿದರು: “ಅಮ್ಮ ನಿನ್ನೆ ಏನೋ ಹೇಳ್ತಾ ಇದ್ಲು ರೀ. ‘ಮೂರು ತಲೆಯವನು ಸೇತುವೆ ದಾಟೋಕೆ ಬಿಡ್ತಿಲ್ಲ, ಅವನನ್ನ ನಾಳೆ ವಿಚಾರಿಸ್ಕೋತೀನಿ’ ಅಂತ. ಗಾಬರಿ ಆಯ್ತು.”

“ಮೂರು ತಲೆಯವನವರೆಗೆ ಬಂದಿದಾರಾ?” ನಕ್ಷೆರಾಯನಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. “ಅದೊಂದು ಕಳೆದ್ರೆ ಆಮೇಲೆ ಸರಾಗ ಸಾರ್. ನನಗೆ ಅಲ್ಲೇ ಆರು ತಿಂಗಳು ಹಿಡೀತು.”

“ನಿಮಗೂ ಬಂದಿತ್ತಾ?” ಸಾಹೇಬರು ಅವನ ಭುಜ ತಟ್ಟಿದರು.

ಅಂತೂ ಒಂದು ಶುಕ್ರವಾರ ನಿಗದಿಯಾಯಿತು. ಇನ್ನು ಮುಂದಕ್ಕೆ ಹಾಕುವುದಿಲ್ಲವೆಂದು ಕಂಪನಿಯವರು ಆಣೆ ಮಾಡಿ ಹೇಳಿದರು. ನಕ್ಷೆರಾಯ ಎದೆಯುಬ್ಬಿಸಿಕೊಂಡು ರಜ ಕೇಳಲು ಹೋದ. “ಚಿಕ್ಕಪ್ಪ ಸೀರಿಯಸ್ ಸಾರ್. ಈ ಸಲ ಖಂಡಿತ.”

ಸಾಹೇಬರು ನಕ್ಕರು. ಅವರು ನಕ್ಕಿದ್ದನ್ನು ಆ ಆಫೀಸಿನಲ್ಲಿ ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. “ನಂಬಿಕೆ ಇಡ್ರಿ ನಕ್ಷೆರಾಯರೇ. ಅಂಥ ಡಾಕ್ಟ್ರು ಇರೋವಾಗ ಚಿಕ್ಕಪ್ಪಂಗೆ ಏನಾಗತ್ತೆ? ಮತ್ತೆ ಮುಂದಕ್ಕೆ ಹೋಗತ್ತೆ. ನಿಮಗೆ ರಜ ಯಾಕೆ?”

“ಸಾರ್—”

“ಅಲ್ದೆ ಶುಕ್ರವಾರ ರಜ ನನಗೆ ಬೇಕು. ಆ ದಿನ ನೀನೂ ಟ್ರೀಟ್‌ಮೆಂಟಿಗೆ ಬರಲೇಬೇಕು ಅಂತ ಅಮ್ಮ ಹಟ ಹಿಡಿದಿದಾಳೆ. ಡಾಕ್ಟ್ರನ್ನ ನಾನೂ ಕಣ್ಣಾರೆ ನೋಡಿದ ಹಾಗಾಗತ್ತೆ. ಆಫೀಸು ನಿಮ್ಮ ಕೈಲಿ.”

ತಾನು ತೋಡಿದ ಹಳ್ಳದಲ್ಲಿ ತಾನೇ ಬೀಳುವುದು ಎಂದರೆ ಇದೇ. ಹದಿನಾಲ್ಕು ವರ್ಷ ಕಾದ ದಿನ ನಕ್ಷೆರಾಯ ಸಾಹೇಬರ ಕುರ್ಚಿಯಲ್ಲಿ ಕೂತಿದ್ದ. ಸಾಹೇಬರು ಅವನ ಮನೆಯಲ್ಲಿ, ಇಲ್ಲದ ಡಾಕ್ಟರನ್ನು ನೋಡಲು ಕೂತಿದ್ದರು. ಬಾಗಿಲೂ ಹೋಯಿತು, ನೌಕರಿಯೂ ಹೋದಂತೆಯೇ. ಮನೆಗೆ ಫೋನ್ ಮಾಡಿದರೆ ಎತ್ತುವವರಿಲ್ಲ.

“ಯಾಕೆ ಹೀಗೆ ಬೆವರ್ತಾ ಇದೀರಿ?” ಎಂದು ಟೈಪಿಸ್ಟಮ್ಮ ಕೇಳಿದರು.

“ಅಧಿಕಾರದ ಕುರ್ಚಿ ಅಮ್ಮ. ಬಿಸಿ ಇರತ್ತೆ,” ಎಂದ. ಅಂದು ಅವನು ಎಳೆದ ಗಡಿಗೆರೆಯಲ್ಲಿ ಒಬ್ಬರ ಬಾವಿ ಪಕ್ಕದವರ ಹಿತ್ತಲಿಗೆ ಹೋಯಿತು.

ಸಂಜೆ ಆಫೀಸು ಬಿಟ್ಟವನೇ ಓಡಿಬಂದ. ಹೊಸ್ತಿಲಾಚೆ ಸಾಹೇಬರ ಚಪ್ಪಲಿಗಳು ಇನ್ನೂ ಇದ್ದವು. ಒಳಗೆ ನಾವೆಲ್ಲ ಕಂಪ್ಯೂಟರಿನ ಮುಂದೆ ಕೂತಿದ್ದೆವು. ನಡುವೆ ಅಮ್ಮ, ಪಕ್ಕದಲ್ಲಿ ಚಿಕ್ಕಪ್ಪ, ಅವರಿಬ್ಬರ ನಡುವಿನಿಂದ ಕತ್ತು ತೂರಿಸಿಕೊಂಡು ಸಾಹೇಬರು.

“ಹುಬ್ಬು ಇನ್ನೊಂದು ಚೂರು ದಪ್ಪ ಮಾಡಿ,” ಎನ್ನುತ್ತಿದ್ದರು ಸಾಹೇಬರು. “ಮೀಸೆ ಬಲಗಡೆ ಇಷ್ಟು ಮೇಲಿರ್ತಿತ್ತು.”

ನಡೆದದ್ದು ಇಷ್ಟೇ. ಹೊಸ ಆಟದಲ್ಲಿ ವೀರನ ಮುಖವನ್ನು ಆಡುವವರೇ ರೂಪಿಸಿಕೊಳ್ಳಬೇಕು. ಬೆಳಿಗ್ಗೆ ಹತ್ತಕ್ಕೆ ಅಮ್ಮ ಮಗನಿಗೆ ಎಲ್ಲ ಸತ್ಯವನ್ನೂ ಹೇಳಿ, ಅವನು ಬಾಯಿ ತೆರೆಯುವ ಮೊದಲೇ ಮೂಗು ಆರಿಸಲು ಕೂತರು. ಮಧ್ಯಾಹ್ನದ ಹೊತ್ತಿಗೆ ಆ ಮೂಗು ಯಾರದೆಂದು ಸಾಹೇಬರಿಗೆ ಗೊತ್ತಾಯಿತು. ಅದು ಅವರ ಅಪ್ಪನ ಮೂಗು. ಅಲ್ಲಿಂದಾಚೆ ಅವರು ಎದ್ದಿರಲಿಲ್ಲ.

ನಕ್ಷೆರಾಯ ಬಾಗಿಲಲ್ಲೇ ನಿಂತ. “ಸಾರ್, ಡಾಕ್ಟ್ರು...”

ಸಾಹೇಬರು ತಿರುಗದೆಯೇ ಹೇಳಿದರು: “ಡಾಕ್ಟ್ರ ವಿಚಾರ ಸೋಮವಾರ ಮಾತಾಡೋಣ. ಬನ್ನಿ, ಕೂತ್ಕೊಳ್ಳಿ. ನೀವು ಬರೋ ತನಕ ಬಾಗಿಲು ತೆಗೀಬಾರದು ಅಂತ ಅಮ್ಮ ಯಾರಿಗೂ ಬಿಟ್ಟಿಲ್ಲ.”

ಅಮ್ಮ ಗುಂಡಿ ಒತ್ತಿದರು. ಸಾಹೇಬರ ಅಪ್ಪನ ಮುಖದ ವೀರ ಕಂಚಿನ ಬಾಗಿಲನ್ನು ತಳ್ಳಿದ. ಔಷಧಿ ಅಂಗಡಿಯವನು ಚಿಕ್ಕಪ್ಪನ ಕೈ ಹಿಡಿದುಕೊಂಡ. ಬಾಗಿಲ ಹಿಂದೆ ತಂದೆಯೂ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಒಬ್ಬ ಕಾವಲುಗಾರ ಸ್ಟೂಲಿನ ಮೇಲೆ ಕೂತು ನಿದ್ದೆ ಹೊಡೆಯುತ್ತಿದ್ದ. ಚಪ್ಪಲಿ ಅವನದ್ದು. ಎರಡು ಕಾಲಿಗೂ ಇತ್ತು. ಅವನು ಎದ್ದು ಆಕಳಿಸಿ ಪಕ್ಕಕ್ಕೆ ಸರಿದ. ಅವನ ಹಿಂದೆ ಬೆಟ್ಟಗಳ ನಡುವೆ ಕಣ್ಣು ಹಾಯುವವರೆಗೂ ಒಂದು ಕಣಿವೆ, ಅದರ ತುಂಬ ಊರುಗಳು, ಊರಿನ ತುಂಬ ಮನೆಗಳು.

ನಕ್ಷೆರಾಯನ ಕಣ್ಣಲ್ಲಿ ನೀರಿತ್ತು. ನಕ್ಷೆ ಬರೆಯಲು ಇಷ್ಟು ಜಾಗ ಅವನು ಜನ್ಮದಲ್ಲಿ ಕಂಡಿರಲಿಲ್ಲ.

“ಇದೆಲ್ಲ ಮುಗಿಸೋಕೆ ಎರಡು ಮೂರು ವರ್ಷ ಬೇಕು ಅಂತ ಕಂಪನಿಯವರೇ ಹೇಳಿದಾರೆ,” ಎಂದ ಅಧ್ಯಕ್ಷ. “ನಿಜವಾದ ಯುದ್ಧ ಇರೋದು ಆ ತುದಿಯ ಕೋಟೇಲಿ. ಎಡಗಡೆ ಒಂದು ಅಡ್ಡದಾರಿ ಇದೆ, ಅದರಲ್ಲಿ ಹೋದ್ರೆ ಈ ತಿಂಗಳಲ್ಲೇ ಮುಗಿಸ್ಬಹುದು.”

“ಹಾಗಾದ್ರೆ ಎಡಕ್ಕೇ ನಡಿ,” ಎಂದು ಅಮ್ಮ ವೀರನನ್ನು ತಿರುಗಿಸಿದರು.

ಸಾಹೇಬರು ತಾಯಿಯ ಕೈಯನ್ನು ಮೆಲ್ಲನೆ ಹಿಡಿದುಕೊಂಡರು.

“ಅಡ್ಡದಾರಿ ಬೇಡಮ್ಮ,” ಎಂದರು. “ಯಾವ ಅವಸರವೂ ಇಲ್ಲ. ಒಂದು ಮನೆನೂ ಬಿಡದೆ ಎಲ್ಲರನ್ನೂ ಮಾತಾಡಿಸ್ಕೊಂಡು ನಿಧಾನವಾಗಿ ಹೋಗು.”